ದೀರ್ಘ

ಪುರಸಭೆ ಕಿಟಕಿಯಾಗ ಕ್ಲಾರ್ಕ್ ಕೇಳಿದ:
"ಹನ್ನೊಂದು ತಿಂಗಳಾತು, ಹೆಸರಿನ ಜಾಗಾ ಇನ್ನೂ ಖಾಲಿ ಐತೆಲ್ರಿ?"
ನಾದಿನಿ ಕಳಿಸಿದ ಪಟ್ಟಿ ಮೊಬೈಲ್‌ನಾಗ ಐತಿ,
ಅರವತ್ತು ಹೆಸರು, ಅರವತ್ತು ಅರ್ಥ,
ಎಲ್ಲಾವೂ ಬೆಳಕು, ಇಲ್ಲಾಂದ್ರ ಲಕ್ಷ್ಮಿ.
"ನಾಳಿ ಬರ್ತೀನ್ರಿ" ಅಂದು ಮೆಟ್ಟಲಾ ಇಳದ್ನಿ.

ನನ್ನ ಹೆಸರು ಮಂದಾಕಿನಿ.
ಇಟ್ಟವರು ಸಾಲಿ ಮಾಸ್ತರು, ನಮ್ಮಪ್ಪನ ದೋಸ್ತ.
ಆಕಾಶದ ಹೊಳಿ ಅಂತ ಅದರರ್ಥ;
ಗುಳೇದಗುಡ್ಡದಾಗ ನಳಾ ಬರೂದು ಎಂಟು ದಿನಕ್ಕೊಮ್ಮೆ.
ಓಣಿಯವರ ಬಾಯಾಗ ಅದು ಮಂದಾ ಆತು,
ಲೆಕ್ಕದಾಗ ನಾ ಅದಕ್ಕ ತಕ್ಕಂಗ ಇದ್ನಿ.

ನಮ್ಮ ಓಣಿ ಮಂದಿ ಹೆಸರಿಗೆ ಹೆದರೂದಿಲ್ಲ.
ಶಾಂತವ್ವ ನಳದ ಮುಂದ ಬಾಯಿ ತಗದ್ರ
ಕೊಡಗೊಳು ತಾವ ಸಾಲಾಗಿ ನಿಂದರ್ತಾವ.
ಕಲ್ಲಪ್ಪ, ಯಾರ ಮನಿ ಮದಿವಿ ಇರಲಿ,
ಹೆಣ್ಣೊಪ್ಪಿಸೂ ಹೊತ್ತಿಗೆ
ಹೆಣ್ಣಿನ ತಾಯಿಗಿಂತ ಮೊದಲ ಅಳ್ತಾನ.
ಬಾಳವ್ವ ಅಂತ ಒಂದು ಕೂಸಿತ್ತು,
ಮೂರು ಹೋದ ಮ್ಯಾಲ ಹುಟ್ಟಿದ್ದು,
ಬಾಳ್ಲಿ ಅಂತ ಇಟ್ಟದ್ದು. ಒಂಬತ್ತು ತಿಂಗಳು.
ರೇಷನ್ ಕಾರ್ಡಿನ್ಯಾಗ ಮಾತ್ರ ಆರು ವರ್ಷ ಬಾಳಿದ್ಲು;
ಆಕಿ ಪಾಲಿನ ಸಕ್ಕರಿ ಅವರವ್ವ
ಬ್ಯಾರೆ ಡಬ್ಬಿಯಾಗ ಇಡ್ತಿದ್ಲು.

ದೊಡ್ಡವ್ವನ ಹೆಸರು ಸಾಕವ್ವ.
ನಾಲ್ಕನೇದೂ ಹೆಣ್ಣು ಅಂತ ಹೇಳಾಕ ಹೋದ್ರ ಅಜ್ಜ
ಮಗ್ಗದ ಕುಣಿಯಾಗ ಕುಂತು ಖಣಾ ನೇಯಾಕ್ಹತ್ತಿದ್ನಂತ;
ಲಾಳಿ ನಿಂದರಸಲಿಲ್ಲ, "ಸಾಕು" ಅಂದ.
ಅದನ್ನ ತೊಟ್ಟಲದಾಗ ಹಾಕಿ ತೂಗಿದ್ರು.
ಎರಡು ವರ್ಷಕ್ಕ ಮತ್ತ ಹೆಣ್ಣು ಹುಟ್ಟಿತು: ನಮ್ಮವ್ವ.
ಆ ಹೆಸರು ತನ್ನ ಕೆಲಸಾ ಮಾಡಿದ್ರ
ಈ ಸಾಲಿನ್ಯಾಗ ನಾನ ಇರ್ತಿದ್ದಿಲ್ಲ.

ಏಳನೇತ್ತಾ ಇದ್ದಾಗ ಓಡಿ ಬಂದು ಹೇಳಿದ್ನಿ:
"ದೊಡ್ಡವ್ವಾ, ಸಾಕು ಅಂದ್ರ ಸಲಹು ಅಂತನೂ ಅರ್ಥ,
ಪುಸ್ತಕದಾಗ ಐತಿ ನೋಡು.
ಕಾಲು ಮುರದ ಗಿಳಿ ಸಾಕಿದಿ, ತಾಯಿ ಸತ್ತ ಆಡಿನ ಮರಿ ಸಾಕಿದಿ,
ಅವ್ವ ಹೋದ ಮ್ಯಾಲ ನಮ್ಮಿಬ್ಬರನ್ನೂ."
ಆಕಿ ಕಂಡಿಕಿ ಸುತ್ತೂದು ಬಿಡಲಿಲ್ಲ.
"ಅದಕ್ಕ ಹೂವು ಏರಸಬ್ಯಾಡ.
ಅಪ್ಪ ಸಾಕು ಅಂದದ್ದು, ಸಾಕು ಅಂತನ.
ನಿಮ್ಮನ್ನ ಹೆಸರು ಸಾಕಲಿಲ್ಲ, ನಾ ಸಾಕೀನಿ."
ಹರದ ದಾರಕ್ಕ ಗಂಟು ಹಾಕಿ ಎದ್ದು,
"ರೊಟ್ಟಿ ಇನ್ನೊಂದು ಹಾಕ್ಲೇನು?" ಅಂದ್ಲು.
ಈ ಹೊತ್ತಿಗೂ ಆಕಿ ಮುಂದ ಆ ಮಾತು ಬರೂದಿಲ್ಲ ನನಗ.
ಒಲ್ಲೆ ಅಂತೀನಿ, ಹೊಟ್ಟಿ ತುಂಬೇತಿ ಅಂತೀನಿ.

ಮನಿಗಿ ಬಂದು ಪಟ್ಟಿ ಓದಿ ಹೇಳಿದ್ನಿ.
ಅರ್ಥ ಕೇಳಲಿಲ್ಲ ಆಕಿ.
ಸೆರಗು ಸೊಂಟಕ್ಕ ಸಿಗಿಸಿ, ಓಣಿಯಾಗ ನಿಂತು
ಒಂದೊಂದ ಕರದು ನೋಡಿದ್ಲು.
ಆರ್ವಿ: ಮಗ್ಗದ ಸಪ್ಪಳದಾಗ ಹೋತು.
ದಿಶಿತಾ: ಕಟ್ಟಿ ಇಳಿಯೂದ್ರಾಗ ಬಿತ್ತು.
ಯಾವುದೋ ಒಂದಕ್ಕ ನಾಯಿ ಎದ್ದು ಬಂತು.
ಪಟ್ಟಿಯಾಗ ಇಲ್ಲದ್ದೊಂದು ಕಡಿಗೆ, ತಾನ ತಗದು,
"ಗೌರಾ..."
ಅದು ಕಲ್ಲಪ್ಪನ ಮನಿ ದಾಟಿ, ಹಿಟ್ಟಿನ ಗಿರಣಿ ದಾಟಿ,
ಹಾಳು ಬಾವಿ ತನಕಾ ಹೋಗಿ ತಿರುಗಿ ಬಂತು.
ಕೂಸು ಮಣ್ಣಿನ ಕೈ ಬಾಯಿಂದ ತಗದು
ನಮ್ಮ ಕಡೆ ನೋಡಿತೋ, ನಾಯಿ ಕಡೆ ನೋಡಿತೋ,
ನನಗ ತಿಳೀಲಿಲ್ಲ.
"ಏನರೆ ಆಗ್ಲಿ ಆಕಿ," ಅಂದ್ಲು ದೊಡ್ಡವ್ವ,
"ಕರದ್ರ ಕೇಳಬೇಕು. ಅಷ್ಟ."

ಮರುದಿನ ಕ್ಲಾರ್ಕ್ ಕೊಟ್ಟ ಕಾಗದದಾಗ: ಗೌರ.
"ದೀರ್ಘ ಬಿಟ್ಟೀರ್ರಿ."
"ಅದರಾಗೇನೈತಿ ತಂಗಿ, ಅರ್ಥ ಒಂದ ಅಲ್ಲ?"
"ಅರ್ಥ ನೀವ ಇಟ್ಕೊರ್ರಿ.
ಓಣಿ ತುದಿ ತನಕಾ ಹೋಗೂದು ದೀರ್ಘರಿ,
ಅದನ್ನ ಹಾಕಿ ಕೊಡ್ರಿ."