ಓರೆ

ಶಿವಮೊಗ್ಗದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ.
ಕ್ರಯಪತ್ರ, ಅಫಿಡವಿಟ್ಟು, ಹೆಸರು ತಿದ್ದುಪಡಿ,
ಪಾಲು ಕೇಳುವ ತಮ್ಮಂದಿರ ಸಿಟ್ಟು,
ಎಲ್ಲವನ್ನೂ ಟೈಪು ಮಾಡಿದ ಬೆರಳಿದು.
ಪೇಟೆಂಟು ಬೇಕು ಅಂತ ಬಂದವರು
ಬಂಗಾರಮ್ಮ ಒಬ್ಬರೇ.

ಆನವಟ್ಟಿಯ ಮೊದಲ ಬಸ್ಸಿಗೆ ಬಂದು
ಸ್ಟೂಲಿನ ತುದಿಗೆ ಕೂತು
ಮೊದಲು ಉಗುರು ತೋರಿಸಿದರು.
ಹನ್ನೊಂದು ಹಂಗಾಮು ಕೂಲಿಗೆ ಶುಂಠಿ ತೊಳೆದ ಕೈ.
ಹತ್ತರಲ್ಲಿ ಏಳು ಸೀಳಿದ್ದವು.
"ಇದ್ಕೇ ಮಾಡಿದ್ದು ಸ್ವಾಮಿ."

ಗುಜರಿ ಡ್ರಮ್ಮು, ಸೈಕಲ್ ಚೈನು,
ಒಳಗೆ ತೆಂಗಿನ ನಾರಿನ ಕುಚ್ಚು, ಓರೆಯಾಗಿ.
ನೆಟ್ಟಗಿಟ್ಟರೆ ಸಿಪ್ಪೆ ತರಚಿ ಮೂರೇ ದಿನಕ್ಕೆ ಕೊಳೆ.
ಓರೆಗಿಟ್ಟರೆ ಕವಲಿನ ಸಂದಿಯ ಮಣ್ಣೂ ಬಿಡುತ್ತದೆ.
ಹೇಳುತ್ತ ಅಂಗೈ ವಾಲಿಸಿ ಗಾಳಿಯನ್ನು ಉಜ್ಜಿದರು,
ಎಳೆಕೂಸಿನ ಬೆನ್ನು ತಿಕ್ಕುವ ಹಾಗೆ.
ಇದನ್ನು ನಾನು ಇಂಗ್ಲಿಷಿನಲ್ಲಿ ಬರೆಯಬೇಕು.
ಇಂಗ್ಲಿಷು, ಇಲ್ಲವೇ ಹಿಂದಿ. ನಿಯಮ ಹಾಗಿದೆ.
ಎಷ್ಟು ಡಿಗ್ರಿ ಎಂದೆ.
"ಇಷ್ಟು" ಎಂದರು.
ಜೆರಾಕ್ಸಿನವನ ಮಗನ ಜಾಮಿಟ್ರಿ ಡಬ್ಬಿ ತರಿಸಿ
ಅವರ ಅಂಗೈ ಅಳೆದೆವು.
ಮೂವತ್ತೆಂಟು.

ಶೋಧಕರ ಹೆಸರು ಎಂಬಲ್ಲಿ ತಡೆದೆ.
ಬಾಗಿಲಲ್ಲಿ ನಿಂತಿದ್ದ ಮುಕ್ತಿಯಾರ್,
ಆಟೋ ಕಾಂಪ್ಲೆಕ್ಸಿನ ವೆಲ್ಡರ್,
ಮೊಣಕೈವರೆಗೂ ಕಿಡಿಯ ಚುಕ್ಕೆ:
"ಬೆಸುಗೆ ನಂದು, ಕೂಲಿ ತಗಂಡಿದೀನಿ. ಅವರದ್ದೇ ಬರ್ಕೊಳ್ಳಿ."
ಇಷ್ಟು ಸಲೀಸಾಗಿ ಪಾಲು ಬಿಟ್ಟ ಮನುಷ್ಯನನ್ನು
ಈ ರಸ್ತೆಯಲ್ಲಿ ನಾನು ಕಂಡದ್ದಿಲ್ಲ.

ಮುಂದಿನ ಪ್ರಶ್ನೆ: ಎಲ್ಲಾದರೂ ತೋರಿಸಿದ್ದೀರಾ?
ಅಯ್ಯೋ, ತೋರಿಸದೆ!
ಚೀಲದಿಂದ ಫೋಟೊ ತೆಗೆದರು.
ನವುಲೆಯ ಕೃಷಿ ಮೇಳ, ಶಾಲು, ಪ್ರಶಸ್ತಿಪತ್ರ.
ನನ್ನ ಎದೆ ಧಸಕ್ಕೆಂದಿತು.
ಊರು ನೋಡಿದ್ದು ಹೊಸದಲ್ಲ ಎನ್ನುತ್ತದೆ ಕಾನೂನು.
"ಹಂಗಾರೆ ಮುಚ್ಚಿಟ್ಕಂಡು ಮಾರೋದು ಹೆಂಗೆ?"
ಉತ್ತರ ನನ್ನ ಬಳಿ ಇರಲಿಲ್ಲ, ರಿಬ್ಬನ್ ಸರಿಮಾಡಿದೆ.

ಮೇಳದಲ್ಲಿ ಒಬ್ಬ ಮೊಬೈಲು ಹಿಡಿದು
ಸುತ್ತ ಏಳು ಸಲ ತಿರುಗಿದ್ದನಂತೆ.
ಈಗ ಶಿಕಾರಿಪುರದ ಅಂಗಡಿಯಲ್ಲಿ ನೀಲಿ ಬಣ್ಣದ ಡ್ರಮ್ಮು.
"ಕುಚ್ಚು ನೆಟ್ಟಗೈತೆ" ಎಂದು ನಕ್ಕರು ಬಂಗಾರಮ್ಮ.
ನೀರು ಸಿಡಿದೀತೆಂದು ಅವತ್ತು ಮುಚ್ಚಳ ತೆಗೆದಿರಲೇ ಇಲ್ಲ.
ಕದ್ದವನಿಗೆ ಓರೆ ಸಿಗಲಿಲ್ಲ!
ನಾನೂ ನಕ್ಕೆ. ಆಮೇಲೆ ಅವರೇ ಮೆಲ್ಲಗೆ ಅಂದರು:
ಅದರಲ್ಲಿ ತೊಳೆದ ಶುಂಠಿ ಮೂಟೆಗಟ್ಟಲೆ ಕೊಳೀತೈತೆ.
ಜನ ಹೇಳೋದು, ಬಂಗಾರಮ್ಮನ ಮಿಷನ್ನು ಸರಿಯಿಲ್ಲ.

ಅವರು ಚಹಾಕ್ಕೆ ಹೋದಾಗ
ಬೇರೊಂದು ಹಾಳೆ ಸೇರಿಸಿದೆ.
ಮಾನ್ಯರೇ,
ಮೇಳದಲ್ಲಿ ತೋರಿಸಿದವರಿಗೆ ಒಂದು ವರ್ಷದ ಗಡುವು ಕೊಡಿ.
ಕನ್ನಡದಲ್ಲಿ ಹೊಳೆದದ್ದನ್ನು ಕನ್ನಡದಲ್ಲೇ ಕೇಳಿ.
ಚೆನ್ನೈಗೆ ಹೋದ ಫೈಲು
ಈ ಉಗುರುಗಳು ಬೆಳೆಯುವುದರೊಳಗೆ ತಿರುಗಿ ಬರಲಿ.
ಹೆಸರಿನ ಒಂದಕ್ಷರ ತಿದ್ದಲು ಇನ್ನೂರು ರೂಪಾಯಿ ಪಡೆಯುವ ನನಗೆ
ಕಾನೂನು ತಿದ್ದುವ ಅರ್ಜಿಯ ವಿಳಾಸ ಗೊತ್ತಿಲ್ಲ.
ಹಾಳೆ ಮಡಚಿ ಮೇಜಿನ ಅಲುಗುವ ಕಾಲಿಗೆ ಕೊಟ್ಟೆ.

ಕ್ಲೇಮು ಒಂದನ್ನು ಮುಗಿಸಿದಾಗ ಸಂಜೆ.
ಇಂಗ್ಲಿಷಿನ ಸಾಲುಗಳ ನಡುವೆ,
ಮೂವತ್ತೆಂಟು ಡಿಗ್ರಿಯ ಪಕ್ಕದಲ್ಲಿ,
ಜಾಗ ಬಿಟ್ಟು ಪೆನ್ನಿನಲ್ಲಿ ಬರೆದೆ: ಓರೆ.
ಆಕ್ಷೇಪಣೆ ಬರುತ್ತದೆ, ಗೊತ್ತು.
ಉತ್ತರಿಸಲು ಆರು ತಿಂಗಳು ಕೊಡುತ್ತಾರಂತೆ.