ರುಜುವಿನ ಗೆರೆ

ಮಾಫೆಟೆಂಗ್ ಊರಿನ ಬ್ಯಾಂಕಿನಲ್ಲಿ
ಇಪ್ಪತ್ತಾರು ವರ್ಷ ನಾನು ಮೂರನೆಯ ಕಿಟಕಿ.
ಬಂದ ಹೆಂಗಸರಿಗೆಲ್ಲ ಒಂದೇ ಮಾತು:
‘ಇಲ್ಲಿ, ಕೆಳಗೆ, ಗಂಡನ ರುಜು.’
ಬೈಗುಳವಲ್ಲ ಅದು. ಗಂಟಲು ಸರಿಮಾಡಿಕೊಂಡ ಹಾಗೆ
ತಾನಾಗಿ ಬರುತ್ತಿತ್ತು.

ಮಾಸೆಬೊಲೆಲೊ ಬಂದದ್ದು ಆಗಸ್ಟಿನ ಗಾಳಿಯಲ್ಲಿ,
ಕಂಬಳಿಯ ಪಿನ್ನಿಗೂ ಧೂಳು.
ಸರ್ಕಾರ ಶಾಲೆಯ ಫೀಸು ತೆಗೆದ ಕಾಲ;
ಮಕ್ಕಳು ಇರುವೆಸಾಲು, ಮೈಮೇಲೆ ಸಮವಸ್ತ್ರವಿಲ್ಲ.
‘ಎರಡು ಹೊಲಿಗೆ ಯಂತ್ರ ಬೇಕು, ನ್ತಾತೆ.
ನೂರಾ ನಲವತ್ತು ಲಂಗಕ್ಕೆ ಹೆಡ್‌ಮಾಸ್ಟರು ಮಾತು ಕೊಟ್ಟಿದ್ದಾರೆ.’
ಲೆಕ್ಕ ಅವಳ ಬೆರಳ ತುದಿಯಲ್ಲಿತ್ತು: ನೂಲು, ಗುಂಡಿ, ಬಡ್ಡಿ ಸಮೇತ.
ನಾನು ಬೆರಳಿಟ್ಟದ್ದು ಖಾಲಿ ಗೆರೆಯ ಮೇಲೆ.

ಗಂಡ ಗಡಿಯಾಚೆ, ವೆಲ್ಕಮ್ಮಿನ ಚಿನ್ನದ ಗಣಿಯಲ್ಲಿ,
ನೆಲದಿಂದ ಎರಡು ಕಿಲೋಮೀಟರು ಕೆಳಗೆ.
ಫಾರಮ್ಮು ಬಸ್ಸು ಹತ್ತಿತು, ನದಿ ದಾಟಿತು,
ಹಾಸ್ಟೆಲಿನ ಯಾವುದೋ ಹಾಸಿಗೆಯಡಿ ಮಲಗಿತು,
ಹತ್ತು ವಾರಕ್ಕೆ ವಾಪಸು ಬಂತು
ಹೆಬ್ಬೆಟ್ಟು ಒತ್ತಿಸಿಕೊಂಡು.
ಅಷ್ಟರಲ್ಲಿ ಲಂಗಗಳೂ ನದಿಯಾಚೆಯಿಂದಲೇ ಬಂದಿದ್ದವು,
ಲಾರಿಯಲ್ಲಿ.

ಲೆಸೊಥೊದ ಆದಾಯ ಏಕೆ ಮೇಲೇಳುವುದಿಲ್ಲವೆಂದು
ಮಸೇರುವಿನಿಂದ ಬಂದ ತಜ್ಞರು ನಮಗೊಂದು ತರಬೇತಿ ಕೊಟ್ಟರು.
ಮಧ್ಯಾಹ್ನ ಊಟವಿತ್ತು. ಆ ಗೆರೆಯ ಸುದ್ದಿ
ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಕಾನೂನು ಬಂತು. ಮದುವೆಯಾದವಳು
ಇನ್ನು ಮೈನರಲ್ಲ ಎಂದಿತು ಗೆಜೆಟ್ಟು.
ರಾತ್ರಿ ಊಟದಲ್ಲಿ ಹೆಂಡತಿಗೆ ಓದಿ ಹೇಳಿದೆ.
‘ಹಾಗಾದರೆ ನಿನ್ನೆಯವರೆಗೆ ನನಗೆಷ್ಟು ವಯಸ್ಸು?’
ಎಂದಳು, ಸೊಪ್ಪು ಬಡಿಸುತ್ತ.
ಉತ್ತರಕ್ಕೆ ಕಾಯಲಿಲ್ಲ. ಬೆಳಿಗ್ಗೆ
ಅವಳ ಕೋಳಿದುಡ್ಡಿನ ಪಾಸ್‌ಬುಕ್ಕು
ನನ್ನ ಕೋಟಿನ ಜೇಬಿನಲ್ಲಿರಲಿಲ್ಲ.

ಬ್ಯಾಂಕಿನಲ್ಲಿ ಮಾತ್ರ ಹಳೆಯ ಫಾರಮ್ಮು ಒಂಬತ್ತು ಕಟ್ಟು ಉಳಿದಿತ್ತು.
ಮೊದಲು ಅದು ಮುಗಿಯಲಿ, ಎಂದರು ಮೇಲಿನವರು.
ಕಾನೂನು ರಾಜಧಾನಿಯಿಂದ ಕುದುರೆಯೇರಿ ಬಂದರೂ
ಸ್ಟೇಷನರಿ ಬೀರುವಿನ ಮುಂದೆ ಇಳಿದು ಕಾಯಬೇಕು.
ಮತ್ತೆ ಬಂದವಳಿಗೆ ನನ್ನ ಗಂಟಲು ಅದನ್ನೇ ಹೇಳಿತು.
ಅವಳು ನನ್ನ ಪೆನ್ನನ್ನೇ ತೆಗೆದುಕೊಂಡು
ಆ ಗೆರೆಯ ಮೇಲೂ ತನ್ನ ಹೆಸರು ಬರೆದಳು,
ನಿಧಾನವಾಗಿ.

ಎರಡು ಯಂತ್ರ ನಾಲ್ಕಾದವು. ಐದನೆಯದು ಮುಳುಗಿಸಿತು:
ಎಲ್ಲಿಂದಲೋ ಅಗ್ಗದ ಬಟ್ಟೆ, ಎರಡು ಕಂತು ಬಾಕಿ.
ನೋಟೀಸು ಟೈಪು ಮಾಡಿದವನು ನಾನೇ.
ಮೂರನೆಯ ದಿನ ಕಿಟಕಿಯಲ್ಲಿ ಅದೇ ಕಂಬಳಿ.
ಅಳುತ್ತಾಳೆ ಎಂದುಕೊಂಡೆ.
‘ದುಡ್ಡು ತಿಂಗಳ ಕೊನೆಗೆ ಕಟ್ಟುತ್ತೇನೆ, ನ್ತಾತೆ.
ಮೊದಲು ಇದನ್ನು ತಿದ್ದಿ ಕೊಡಿ’ ಎಂದು
ಕಾಗದ ಒಳಗೆ ತಳ್ಳಿದಳು.
ಅವಳ ಹೆಸರಿನಲ್ಲಿ ನಾನೊಂದು ಅಕ್ಷರ ನುಂಗಿದ್ದೆ.