ಬ್ಯಾಟರಿ ವಹಿ

ನಮ್ಮ ಕಡೆ ಟಾರ್ಚ್ ಅನ್ನೂದಿಲ್ಲ, ಬ್ಯಾಟರಿ ಅಂತೀವಿ.
ಗುಳೇದಗುಡ್ಡದಾಗ ಈ ಹುಚ್ಚು ಹಿಡಿದವರು ಐದು ಮಂದಿ.
ದಾವಲಸಾಬ, ಕರೆಂಟ್ ಕಂಬ ಹತ್ತಿ ಹತ್ತಿ
ಹಿಮ್ಮಡಿ ಒಡಕೊಂಡಾಂವ.
ಮುಚಖಂಡೆಪ್ಪ, ಪತ್ತಿನ ಸಂಘದ ರಾತ್ರಿ ಕಾವಲಿನಾಂವ.
ಹೊಳಬಸು, ಮೊಬೈಲ್ ರಿಪೇರಿ ಹುಡುಗ.
ನಾನು ಗಡಿಯಾರದಾಂವ,
ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡೇ ಮುಪ್ಪಾದಾಂವ.
ಮತ್ತ ನೀಲವ್ವ. ಖಣ ನೇಯ್ತಾಳ.
ಒಂದಿನ ಕೆಟ್ಟ ಬ್ಯಾಟರಿ ಹಿಡಕೊಂಡು ಅಂಗಡಿಗೆ ಬಂದು
ನನ್ನ ಸ್ಕ್ರೂಡ್ರೈವರ್ ಇಸಕೊಂಡು
ತಾನೇ ಬಿಚ್ಚಿ ತಾನೇ ಜೋಡಿಸಿಕೊಂಡು ಹೋದಾಕಿ.

ಶ್ರಾವಣದಾಗ ಪಟ್ಟಿ ಕೂಡಿಸಿ ತರಿಸಿದ್ವಿ, ಹೊಸಾದು.
ಡಬ್ಬಿಯೊಳಗ ಸ್ಪಂಜಿನ ಹಾಸಿಗಿ,
ಬಾಣಂತಿ ಕೋಣಿಯ ಕೂಸಿನ್ಹಂಗ ಮಲಗಿತ್ತು.
ಒಂದು ಕಿಲೋಮೀಟರ್ ಎಸಿತೈತಿ, ಓದಿದ ಹೊಳಬಸು.
ಮುಚಖಂಡೆಪ್ಪ ತಂಬಾಕ ತಿಕ್ಕಿಕೋತ ಅಂದ:
ಡಬ್ಬಿ ಮ್ಯಾಲಿನ ಮಾತು, ಕನ್ಯಾ ನೋಡೂ ದಿನದ ಮಾತು,
ಎರಡರಾಗೂ ಅರ್ಧ ಕಳೀಬೇಕು.

ಒಬ್ಬೊಬ್ಬರ ಮನಿಯಾಗ ಒಂದೊಂದು ವಾರ.
ಜೋಡಿ ಒಂದು ವಹಿ.
ಕಂಡದ್ದು ಬರೀಬೇಕು, ಹೊಗಳಿಕಿ ಬ್ಯಾಡ.

ದಾವಲಸಾಬ ಬರೆದದ್ದು:
ಕಂಬದ ತುದಿಯ ಪಿಂಗಾಣಿ ಬಟ್ಟಲದ ಸೀಳು
ನೆಲದ ಮ್ಯಾಲ ನಿಂತೇ ಕಂಡೆ.
ಆಮ್ಯಾಲ ಅಲ್ಲೇ ಸ್ವಲ್ಪ ಹೊತ್ತು ಕುಂತೆ.

ಮುಚಖಂಡೆಪ್ಪ:
ಗೇಟಿನಾಗ ಬೆಕ್ಕು. ಇಷ್ಟು ಬೆಳಕು ಕಾವಲಿಗೆ ಬರಂಗಿಲ್ಲ.
ಕಳ್ಳ ನನಗ ಕಾಣೂಕಿಂತ ಮೊದಲ
ನಾ ಕಳ್ಳಗ ಕಾಣ್ತೀನಿ.

ಹೊಳಬಸು ಎರಡು ಹಾಳಿ ತುಂಬಿದ್ದ, ಗೆರಿ, ಚೌಕ, ಅಂಕಿ.
ನಮಗ ತಿಳಿದದ್ದು ಇಷ್ಟು:
ಹತ್ತು ನಿಮಿಷಕ್ಕ ಕೈ ಸುಡತೈತಿ.

ನಾನು:
ಸೆಕೆಂಡಿನ ಮುಳ್ಳಿನ ನೆರಳು ಗ್ವಾಡಿ ಮ್ಯಾಲ
ನನ್ನೆತ್ತರ ಎದ್ದು ತಿರುಗಾಕತ್ತಿತು.
ಹೆಂಡತಿ ಆರಸ್ರಿ ಅಂದ್ಲು. ಆರಿಸಿದೆ.

ನೀಲವ್ವ:
ಎಲ್ಲಕ್ಕಿಂತ ಸಣ್ಣ ಬೆಳಕು ಹಚ್ಚಿದೆ.
ಹರಿದ ಎಳಿ ಸಿಕ್ತು. ಕೂಸು ಏಳಲಿಲ್ಲ.

ಅಷ್ಟು ಸಣ್ಣ ಬೆಳಕು ಅದರಾಗೈತಿ ಅಂತ
ನಮಗ್ಯಾರಿಗೂ ಗೊತ್ತಿರಲಿಲ್ಲ.
ಗುಂಡಿ ಒತ್ತಿ ಹಿಡಕೋಬೇಕಂತ.
ನಾವೆಲ್ಲಾ ಒತ್ತಿ ಬಿಡವರು.

ಅಮಾಸಿ ರಾತ್ರಿ ಗುಡ್ಡ ಹತ್ತಿದ್ವಿ.
ಹಗಲೇ ಹೋಗಿ, ಹೆಜ್ಜಿ ಎಣಿಸಿ,
ಆಚೆ ದಿಬ್ಬದ ಬಂಡಿಗೆ
ಬಿಳಿ ಚೀಲ ಕಟ್ಟಿ ಬಂದಿದ್ದ ಹೊಳಬಸು.
ಹಚ್ಚಿದ ಕೂಡಲೇ ಕತ್ತಲಿಗೆ ಉದ್ದಾನುದ್ದ ಒಂದು ತೊಲಿ ಹಾಕಿದ್ಹಂಗಾತು,
ಅದರಾಗ ಹುಳ, ಬೀಸೂಕಲ್ಲಿನ ಹಿಟ್ಟು.
ಕೈಯಿಂದ ಕೈಗೆ ದಾಟಿಸಿದ್ವಿ, ಪ್ರಸಾದ ದಾಟಿಸಿದ್ಹಂಗ.
ಕಂಡ್ತು ಚೀಲ, ಅಂದ ಹೊಳಬಸು.
ಎಲ್ಲಿ, ಅಂದ ಮುಚಖಂಡೆಪ್ಪ.
ಅದು ಕುರಿ, ಅಂದೆ ನಾನು.
ಜಗಳ ಏರಿತು. ಬಜಿ ತಣ್ಣಗಾದವು.

ಆವಾಗ ಆಚೆ ದಿಬ್ಬದಿಂದ
ಸೆಲ್ ಇಳಿದ ಒಂದು ಹಳದಿ ಬೆಳಕು,
ಅರಿಷಿಣದ ಬಟ್ಟಿನ ಗುರುತಿನಷ್ಟು.
ಹತ್ತಿತು. ಆರಿತು. ಹತ್ತಿತು.
ಯಾರೋ, ಕುರಿ ತರುಬಿಕೊಂಡು ಕುಂತಾಂವ,
ನಮ್ಮ ಒಂದು ಕಿಲೋಮೀಟರನ್ನ ಕಣ್ಣಾಗ ಹಾಕ್ಕೊಂಡಾಂವ,
ಬೈದನೋ, ಕರೆದನೋ.

ನೀಲವ್ವ ಬ್ಯಾಟರಿ ಇಸಕೊಂಡಳು.
ಗಾಜಿನ ಮ್ಯಾಲ ಅಂಗೈ ಮುಚ್ಚಿ ತೆಗದಳು,
ಮುಚ್ಚಿ ತೆಗದಳು.
ಬೆರಳ ಸಂದಿ ಕೆಂಡದ ಬಣ್ಣ,
ಒಳಗ ಎಲುಬಿನ ಮಸಕ ನೆರಳು.
ಆಕಿ ಕೈ ಅಷ್ಟು ಸಣ್ಣದಂತ ಅವತ್ತೇ ನೋಡಿದ್ದು.
ಆಚೆ ಕಡೆ ಎರಡು ಸಲ ಹತ್ತಿ
ಮತ್ತ ಹತ್ತಲಿಲ್ಲ.

ವಹಿಯಾಗ ಎಂಟುನೂರಾ ಹತ್ತು ಮೀಟರ್ ಅಂತ ಬರೆದ ಹೊಳಬಸು.
ಚೀಲ ಕಂಡಿಲ್ಲ, ಹೊಡೀ ಅದನ್ನ, ಅಂದ ಮುಚಖಂಡೆಪ್ಪ.
ಹೊಡೆದ.

ಇಳಿಯೂ ಹೊತ್ತಿಗೆ ಹೊಸಾದರಾಗ ಚಾರ್ಜ್ ಇರಲಿಲ್ಲ.
ದಾವಲಸಾಬನ ಎರಡು ಸೆಲ್ಲಿನ ಹಳೇದು,
ಕುಂಡಿಗೆ ತಟ್ಟಿದ್ರ ಮಾತ್ರ ಹತ್ತೂದು, ಮುಂದ ನಡೀತು.
ತಟ್ಟಿದ, ಹತ್ತು ಹೆಜ್ಜಿ ಇಳದ್ವಿ.
ನಿಂತ್ವಿ.
ಮತ್ತ ತಟ್ಟಿದ.